ಮುಡಿ ಕೊಡುವ ಹೊತ್ತಿಗೆ ಬಂದ ಅಂಕಲ್

ನಂಜನಗೂಡಿನ ಕಪಿಲೆಯ ದಂಡೆಯಲ್ಲಿ, ಮುಡಿ ತೆಗೆಯುವ ಜಾಗದಲ್ಲಿ, ಒಂದು ಕುಟುಂಬ ಮುಕ್ಕಾಲು ಗಂಟೆಯಿಂದ ಕಾಯುತ್ತಿತ್ತು. ಮಗು ಸಿದ್ಧವಾಗಿತ್ತು. ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಕಾಣಿಕೆ ಎಲ್ಲ ಇದ್ದವು. ಹೊಸ ಬ್ಲೇಡು ಹಾಕಿಕೊಂಡು ಕೂತಿದ್ದವರು ಎರಡು ಸಲ ‘ಶುರು ಮಾಡ್ಲಾ?’ ಎಂದು ಕೇಳಿಯೂ ಆಗಿತ್ತು. ಮಗುವಿನ ಅಪ್ಪ ಅಲ್ಲೇ ನಿಂತಿದ್ದ, ದೊಡ್ಡಪ್ಪ ಇದ್ದರು, ಇಬ್ಬರು ಚಿಕ್ಕಪ್ಪಂದಿರಿದ್ದರು. ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸರು, ಎಂಟು ತೊಡೆ. ಅವುಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಮಗುವನ್ನು ಕೂರಿಸಿಕೊಳ್ಳಬೇಕಾದ ತೊಡೆ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಮುಗಿಸಿಕೊಂಡು ಬೈಕಿನಲ್ಲಿ ಬರುತ್ತಿತ್ತು.

‘ಅಂವ ಬತ್ತಾವನ, ವಸಿ ತಡೀರಪ್ಪ’ ಎಂದು ಮಗುವಿನ ತಾಯಿಯ ತಾಯಿ ಎಲ್ಲರನ್ನೂ ತಡೆದು ಕೂರಿಸಿದ್ದರು. ಕೊನೆಗೂ ಬಂದ. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದ, ಹೊಳೆಯಲ್ಲಿ ಕೈಕಾಲು ತೊಳೆದುಕೊಂಡ, ಚಕ್ಕಂಬಕ್ಕಲ ಹಾಕಿ ಕೂತು ಮಗುವಿಗೆ ಕೈ ಚಾಚಿದ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಮೂರು ವರ್ಷದ ಹುಡುಗ ಅಮ್ಮನ ಸೆರಗು ಹಿಡಿದು ಕಿರುಚಿದ: ‘ಈ ಅಂಕಲ್ ಬೇಡ!’

ಅಜ್ಜಿಯ ಮುಖ ಕೆಂಪಾಯಿತು. ‘ಅಂಕಲ್ಲಲ್ಲ ಕನಪ್ಪ, ಮಾವ. ನಿಮ್ಮವ್ವನ ತಮ್ಮ. ಸೋದರಮಾವ ಅನ್ನು.’

ಸುತ್ತಲಿದ್ದವರು ನಕ್ಕರು. ಊಟಕ್ಕೆ ಕರೆದರೆಂದು ಹೋಗಿದ್ದ ನಾನೂ ನಕ್ಕೆ. ಆದರೆ ನನ್ನ ನಗೆಯ ಕಾರಣ ಬೇರೆ ಇತ್ತು. ಅಲ್ಲಿದ್ದ ಗಂಡಸರಲ್ಲಿ ಅಂಕಲ್ ಎನ್ನಿಸಿಕೊಳ್ಳಲು ಹುಟ್ಟುಹಕ್ಕು ಇದ್ದವನು ಯಾರಾದರೂ ಇದ್ದರೆ, ಅದು ಆ ನೀಲಿ ಅಂಗಿಯವನೊಬ್ಬನೇ. ಮಗು ತಿಳಿಯದೆ ಸರಿಯಾಗಿ ಹೇಳಿತ್ತು.

ಅಂಕಲ್ ಇಂಗ್ಲಿಷಿನ ಮನೆಮಗನಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಬೆನ್ನು ಹತ್ತಿ ಬಂದ ಮಾತು ಅದು. ಫ್ರೆಂಚಿನ ‘ಓಂಕ್ಲ್’ ಬಂದದ್ದು ಲ್ಯಾಟಿನ್ನಿನ ‘ಅವುಂಕುಲುಸ್’ನಿಂದ. ರೋಮನ್ನರಲ್ಲಿ ಅವುಂಕುಲುಸ್ ಎಂದರೆ ತಾಯಿಯ ಅಣ್ಣ ಅಥವಾ ತಮ್ಮ, ಅಂದರೆ ನಮ್ಮ ಸೋದರಮಾವ. ತಂದೆಯ ಅಣ್ಣತಮ್ಮಂದಿರಿಗೆ ಅವರು ಇಟ್ಟುಕೊಂಡಿದ್ದ ಹೆಸರು ‘ಪಾತ್ರೂಸ್’. ‘ಪಾತೆರ್’ ಎಂದರೆ ಅಪ್ಪ, ಅದರಿಂದ ಹುಟ್ಟಿದ ಮಾತು. ಇಬ್ಬರನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಅವರ ಊಹೆಗೂ ಬರುತ್ತಿರಲಿಲ್ಲ.

ಅವುಂಕುಲುಸ್ ಎಂಬುದನ್ನು ಬಿಡಿಸಿದರೆ ಇನ್ನೊಂದು ಸೊಗಸು ಕಾಣುತ್ತದೆ. ‘ಅವುಸ್’ ಎಂದರೆ ಅಜ್ಜ. ಅದಕ್ಕೊಂದು ಕಿರಿಯತನದ ಬಾಲ ಸೇರಿಸಿದರೆ ಅವುಂಕುಲುಸ್. ನಾವು ಅಪ್ಪನ ತಮ್ಮನನ್ನು ಚಿಕ್ಕಪ್ಪ ಎಂದಂತೆ, ರೋಮನ್ನರು ತಾಯಿಯ ತಮ್ಮನನ್ನು ‘ಚಿಕ್ಕಜ್ಜ’ ಎಂದರು. ಇದು ಯಾಕೆಂದು ಪಂಡಿತರು ಸಾಕಷ್ಟು ಜಗಳವಾಡಿದ್ದಾರೆ. ನನಗೆ ಮಾತ್ರ ಇದರಲ್ಲಿ ಅಷ್ಟೇನೂ ಒಗಟು ಕಾಣುವುದಿಲ್ಲ. ನಮ್ಮ ಕಡೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ: ಅಪ್ಪ ಹೋದ ಮೇಲೆ ತವರೆಂದರೆ ಅಣ್ಣನೋ ತಮ್ಮನೋ ತೆರೆಯುವ ಬಾಗಿಲು. ಅವಳ ಮಕ್ಕಳಿಗೆ ಅಜ್ಜನ ಮನೆ ಎಂದರೆ ಮುಂದೆ ಅದೇ.

ರೋಮಿನ ಸಾಹಿತ್ಯದಲ್ಲಿ ಪಾತ್ರೂಸ್ ಎಂದರೆ ಗದರುವವನು, ನೀತಿ ಹೇಳುವವನು, ಗಾದೆಯಾಗುವಷ್ಟು ಬಿಗಿ. ಅವುಂಕುಲುಸ್ ಹಾಗಲ್ಲ, ಸಲಿಗೆಯವನು. ಅಲ್ಲಿಂದಲೇ ಇಂಗ್ಲಿಷಿಗೆ ‘ಅವಂಕ್ಯುಲರ್’ ಎಂಬ ಗುಣವಾಚಕ ಬಂದದ್ದು: ಹಿರಿಯನ ಅಕ್ಕರೆ, ಬೆನ್ನು ತಟ್ಟುವ ಗುಣ. ಹಬ್ಬಕ್ಕೆ ಬಂದ ದೊಡ್ಡಪ್ಪನನ್ನು ಕಂಡರೆ ಪುಸ್ತಕ ಹಿಡಿದು ಕೂರುತ್ತಿದ್ದ ನಾವೇ, ಮಾವ ಬಂದರೆ ಅವರ ಜೇಬಿಗೆ ಕೈ ಹಾಕುತ್ತಿದ್ದೆವು. ಆಕಾಶದ ಚಂದ್ರನೂ ಚಂದಮಾಮನೇ, ಯಾರೂ ಅವನನ್ನು ಚಂದ ದೊಡ್ಡಪ್ಪ ಎಂದಿಲ್ಲ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ ದಕ್ಷಿಣ ಆಫ್ರಿಕದ ಸೋದರಮಾವಂದಿರ ಈ ಸಲಿಗೆಯ ಬಗ್ಗೆಯೇ 1924ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಎಲ್ಲ ಮಾವಂದಿರೂ ಹಾಗಲ್ಲ ಎನ್ನಲು ನಮ್ಮಲ್ಲಿ ಕಂಸನಿದ್ದಾನೆ, ಶಕುನಿಯಿದ್ದಾನೆ. ಆದರೆ ಆ ಕತೆಗಳು ಚುಚ್ಚುವುದೂ ಮಾವನಿಂದ ನಾವು ಪ್ರೀತಿಯನ್ನೇ ನಿರೀಕ್ಷಿಸುವುದರಿಂದ. ರೋಮಿನಲ್ಲೂ ಒಬ್ಬ ನೆನಪಿಡುವಂಥ ಮಾವನಿದ್ದ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಂಕಿ ಕಾರಿದಾಗ ಜನರನ್ನು ಉಳಿಸಲು ಹಡಗು ತೆಗೆದುಕೊಂಡು ಹೋಗಿ ಅಲ್ಲೇ ಸತ್ತ ಹಿರಿಯ ಪ್ಲಿನಿ. ಆ ಸಾವಿನ ವಿವರವನ್ನು ಪತ್ರದಲ್ಲಿ ಬರೆದಿಟ್ಟ ಕಿರಿಯ ಪ್ಲಿನಿ ಅವನ ಮಗನಲ್ಲ, ಸೋದರಳಿಯ.

ಆಂಟಿಯ ಕತೆಯೂ ಇದೇ ಜಾಡಿನದು. ಲ್ಯಾಟಿನ್ನಿನಲ್ಲಿ ತಾಯಿಯ ಅಕ್ಕತಂಗಿಯರಿಗೆ ‘ಮಾತೆರ್ತೆರಾ’, ತಂದೆಯ ಅಕ್ಕತಂಗಿಯರಿಗೆ ‘ಅಮಿತಾ’. ಈ ಅಮಿತಾ ಹಳೆಯ ಫ್ರೆಂಚಿನಲ್ಲಿ ಸವೆದು ‘ಆಂತ್’ ಆಗಿ, ಇಂಗ್ಲಿಷಿಗೆ ದಾಟಿ ಆಂಟ್ ಆಯಿತು. ಅಂದರೆ ಮೂಲದಲ್ಲಿ ಆಂಟಿ ಎಂದರೆ ಸೋದರತ್ತೆ. ರೋಮನ್ನರ ಬಳಿ ಇದ್ದ ನಾಲ್ಕು ಹೆಸರುಗಳಲ್ಲಿ ಎರಡು ಅಳಿದವು, ಎರಡು ಉಳಿದವು. ಉಳಿದ ಎರಡು ಯಾವುವು ನೋಡಿ: ತಾಯಿಯ ಸೋದರ, ತಂದೆಯ ಸೋದರಿ. ನಮ್ಮ ಮಾವ, ನಮ್ಮ ಅತ್ತೆ. ಅಳಿದವೆರಡೂ ನಾವು ಅಪ್ಪ ಅಮ್ಮಂದಿರ ಲೆಕ್ಕಕ್ಕೇ ಸೇರಿಸುವ ಚಿಕ್ಕಪ್ಪ ದೊಡ್ಡಮ್ಮಂದಿರ ಕಡೆಯವು. ಇದು ಕಾಕತಾಳೀಯ, ಗೊತ್ತು. ಆದರೂ ತಾಂಡ್ಯದ ಕಾರ್ಖಾನೆಯಿಂದ ಓಡಿಬಂದ ಆ ಹುಡುಗನನ್ನು ನೆನೆದಾಗೆಲ್ಲ ಈ ಕಾಕತಾಳೀಯ ನನಗೆ ಸಂತೋಷ ಕೊಡುತ್ತದೆ.

ಇಂಗ್ಲಿಷರಿಗೂ ಮೊದಲು ತಮ್ಮದೇ ಹೆಸರುಗಳಿದ್ದವು. ಹಳೆಯ ಇಂಗ್ಲಿಷಿನಲ್ಲಿ ಸೋದರಮಾವ ‘ಏಆಮ್’, ಅಪ್ಪನ ಸೋದರ ‘ಫೆದರ’. ಬೇವುಲ್ಫ್ ಕಾವ್ಯದ ನಾಯಕ ತನ್ನ ದೊರೆಗೆ ಆಳು ಮಾತ್ರವಲ್ಲ, ಸೋದರಿಯ ಮಗ ಕೂಡ. ಜರ್ಮನ್ ಬುಡಕಟ್ಟುಗಳಲ್ಲಿ ತಾಯಿಯ ಸೋದರನಿಗೆ ಅಳಿಯನ ಮೇಲೆ ತಂದೆಗಿರುವಷ್ಟೇ ಅಕ್ಕರೆ ಎಂದು ರೋಮಿನ ಇತಿಹಾಸಕಾರ ಟಾಸಿಟಸ್ ಗುರುತಿಸಿದ್ದ. ದೊಡ್ಡವರ ಮನೆಗಳಲ್ಲಿ ಫ್ರೆಂಚ್ ಓಡಾಡತೊಡಗಿದ ಮೇಲೆ ಈ ಹೆಸರುಗಳು ಹಳ್ಳಿಗಾಡಿಗೆ ಸರಿದು, ಮೆಲ್ಲಗೆ ಮಾಯವಾದವು. ಜರ್ಮನ್ನರ ಸರದಿ ಇನ್ನೂ ಕೆಲವು ಶತಮಾನ ಕಳೆದು, 17 ಮತ್ತು 18ನೇ ಶತಮಾನಗಳಲ್ಲಿ ಬಂತು. ಅವರೂ ತಮ್ಮ ‘ಓಹೈಮ್’, ‘ಮೂಮೆ’ಗಳನ್ನು ಮೂಲೆಗಿಟ್ಟು ಫ್ರೆಂಚಿನ ‘ಓಂಕೆಲ್’, ‘ಟಾಂಟೆ’ಗಳನ್ನು ಮನೆಯೊಳಗೆ ಕರೆದುಕೊಂಡರು. ಮೇಲಿನವರ ಮಾತು ಕೆಳಗಿಳಿಯುವಾಗ ಮೊದಲು ಬಾಗಿಲು ತೆರೆಯುವುದು ನೆಂಟರ ಹೆಸರುಗಳೇ ಇರಬೇಕು. ಕನ್ನಡಿಗರು ಮಾತ್ರ ಕೆಟ್ಟೆವೆಂದು ಎದೆ ಬಡಿದುಕೊಳ್ಳುವವರಿಗೆ ಇದು ಒಂದಿಷ್ಟು ಸಮಾಧಾನ.

ಎರಡು ಬಾಗಿಲಿನ ಮನೆ

ಕನ್ನಡದ ನೆಂಟಸ್ತನದ ಹೆಸರುಗಳನ್ನು ಇಂಗ್ಲಿಷಿನವರು ಪಟ್ಟಿ ಮಾಡಲು ಹೊರಟಾಗ ತಬ್ಬಿಬ್ಬಾದದ್ದುಂಟು. ಅಮೆರಿಕದ ರಾಚೆಸ್ಟರಿನ ವಕೀಲ ಲೂಯಿಸ್ ಹೆನ್ರಿ ಮೋರ್ಗನ್ ಎಂಬಾತ ಸೆನೆಕಾ ಬುಡಕಟ್ಟಿನವರ ನಡುವೆ ಓಡಾಡುತ್ತ, ಅವರು ಅಪ್ಪನ ತಮ್ಮನನ್ನೂ ಅಪ್ಪ ಎಂದೇ ಕರೆಯುವುದನ್ನು ಗಮನಿಸಿದ. ಜಗತ್ತಿನ ಬೇರೆ ಕಡೆ ಹೇಗೆಂದು ತಿಳಿಯಲು ಪ್ರಶ್ನಾವಳಿ ಅಚ್ಚು ಹಾಕಿಸಿ ಪಾದ್ರಿಗಳಿಗೂ ರಾಯಭಾರಿಗಳಿಗೂ ಕಳಿಸಿದ. ದಕ್ಷಿಣ ಭಾರತದಿಂದ ತಮಿಳು, ತೆಲುಗು, ಕನ್ನಡದ ಪಟ್ಟಿಗಳು ಹೋದವು. ನೋಡಿದರೆ ಅಲ್ಲೂ ಅದೇ! ಸಾವಿರಾರು ಮೈಲಿ ದೂರದ ಎರಡು ಜನ ಒಂದೇ ಅಚ್ಚಿನಲ್ಲಿ ನೆಂಟರನ್ನು ಎಣಿಸುತ್ತಿದ್ದಾರೆಂದು ಅವನು ಕುಣಿದಾಡಿದ. ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರೆನ್ನಲು ಇದೇ ಸಾಕ್ಷಿ ಎಂದೂ ತೀರ್ಮಾನಿಸಿಬಿಟ್ಟ. ಆ ಸಾಕ್ಷಿ ನಿಲ್ಲಲಿಲ್ಲ. 1871ರ ಅವನ ಪುಸ್ತಕ ಮಾತ್ರ ನಿಂತಿತು; ಬಂಧುತ್ವದ ಅಧ್ಯಯನವೆಂಬ ಶಾಸ್ತ್ರವೇ ಅದರಿಂದ ಶುರುವಾಯಿತು.

ಮೋರ್ಗನ್ನನಿಗೆ ವಿಚಿತ್ರವಾಗಿ ಕಂಡದ್ದು ನಮ್ಮ ಅಂಗಳದ ಮಕ್ಕಳಿಗೆ ಬಾಯಿಪಾಠ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರೇ. ಹಿರಿಯನಾದರೆ ದೊಡ್ಡಪ್ಪ, ಕಿರಿಯನಾದರೆ ಚಿಕ್ಕಪ್ಪ. ಅವ್ವನ ಅಕ್ಕತಂಗಿಯರು ಅವ್ವಂದಿರೇ, ದೊಡ್ಡವ್ವ, ಚಿಗವ್ವ. ಇವರ ಮಕ್ಕಳೆಲ್ಲ ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ‘ಕಸಿನ್’ ಎಂಬ ಮಾತಿಗೆ ಕನ್ನಡದಲ್ಲಿ ಸಮನಾದ ಮಾತಿಲ್ಲವೆಂದು ಅನುವಾದಕರು ಗೊಣಗುವುದು ಇದಕ್ಕೇ. ಆ ಒಂದು ಪೆಟ್ಟಿಗೆಯೊಳಗೆ ನಾವು ಒಡಹುಟ್ಟಿದವರನ್ನೂ ವರಿಸಬಹುದಾದವರನ್ನೂ ಒಟ್ಟಿಗೆ ಹಾಕಲಾರೆವು. ತಮಾಷೆಯೆಂದರೆ, ಕಸಿನ್ನಿನ ಮೂಲವಾದ ಲ್ಯಾಟಿನ್ನಿನ ‘ಕೊನ್ಸೊಬ್ರಿನುಸ್’ ಹೇಳುತ್ತಿದ್ದುದು ತಾಯಿಯ ಅಕ್ಕತಂಗಿಯರ ಮಕ್ಕಳನ್ನು. ನಮ್ಮಲ್ಲಿ ಅವರು ನೇರ ಅಣ್ಣತಮ್ಮಂದಿರು.

ಮನೆಯ ಇನ್ನೊಂದು ಬಾಗಿಲಿನ ಕಡೆ ಇರುವವರು ಮಾವ, ಅತ್ತೆ. ಅವ್ವನ ತಮ್ಮ ಮಾವ. ಅಪ್ಪನ ತಂಗಿ ಅತ್ತೆ, ಅವಳ ಗಂಡನೂ ಮಾವ. ಹೆಂಡತಿಯ ಅಪ್ಪನೂ ಮಾವ, ಗಂಡನ ಅಪ್ಪನೂ ಮಾವ. ಇದು ಪದಗಳ ಬಡತನದಿಂದಾದ ಗೊಂದಲವಲ್ಲ, ಕರಾರುವಾಕ್ಕಾದ ಲೆಕ್ಕ. ಅವ್ವನ ತಮ್ಮನ ಮಗಳನ್ನು ತಂದುಕೊಂಡರೆ ಮಾವ ಮೊದಲೂ ಮಾವ, ಆಮೇಲೂ ಮಾವ. ಮದುವೆಯಿಂದ ಹೆಸರೇನೂ ಬದಲಾಗಬೇಕಿಲ್ಲ. ಲೂಯಿ ದ್ಯುಮೊ ಎಂಬ ಫ್ರೆಂಚ್ ವಿದ್ವಾಂಸ 1953ರಲ್ಲಿ ಬಿಡಿಸಿ ತೋರಿಸಿದ್ದು ಇದನ್ನೇ: ದ್ರಾವಿಡ ಭಾಷೆಗಳ ನೆಂಟಸ್ತನದ ಹೆಸರುಗಳು ರಕ್ತದ ಕತೆ ಹೇಳುವುದಕ್ಕಿಂತ ಹೆಚ್ಚಾಗಿ ಮದುವೆಯ ಕತೆ ಹೇಳುತ್ತವೆ. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆಯನ್ನು ನಾವು ಎರಡೂ ಒಂದೇ ಎಂದು ಗೇಲಿ ಮಾಡಲು ಬಳಸುತ್ತೇವೆ. ಆದರೆ ಅಕ್ಕನ ಮಗನೂ ಅಳಿಯನೇ ಆಗಿರುವ ಊರಿನಲ್ಲಿ ಆ ಮಾತು ಅಷ್ಟೊಂದು ಪೆದ್ದಲ್ಲ. ಎಲ್ಲ ಅಳಿಯಂದಿರೂ ಮಗಳ ಗಂಡಂದಿರಾಗಿರಬೇಕೆಂದೇನಿಲ್ಲವಲ್ಲ.

ಇದು ಹೊಸ ಪದ್ಧತಿಯಲ್ಲ. ಬೌಧಾಯನ ಧರ್ಮಸೂತ್ರ ದಕ್ಷಿಣದವರ ಆಚಾರಗಳನ್ನು ಪಟ್ಟಿ ಮಾಡುವಾಗ ಮಾವನ ಮಗಳನ್ನೂ ಅತ್ತೆಯ ಮಗಳನ್ನೂ ಮದುವೆಯಾಗುವುದನ್ನು ಹೇಳುತ್ತದೆ. ಅರ್ಜುನ ಹಾರಿಸಿಕೊಂಡು ಹೋದ ಸುಭದ್ರೆ ಅವನ ಸೋದರಮಾವ ವಸುದೇವನ ಮಗಳು. ಹಳೇ ಮೈಸೂರಿನ ಸೀಮೆಯಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಕ್ಕನ ಮಗಳನ್ನೇ ತಂದುಕೊಳ್ಳುವ ವಾಡಿಕೆ ಬೇರೂರಿದೆ. ಆಗ ಮಾವನೇ ಗಂಡ. ಹುಡುಗಿ ನೆರೆದಾಗ ಹಸಿ ಸೊಪ್ಪು ತಂದು ಗುಡ್ಲು ಹಾಕುವವನು ಸೋದರಮಾವ, ಕಿವಿ ಚುಚ್ಚುವಾಗ ತೊಡೆ ಕೊಡುವವನು ಅವನು, ಧಾರೆಯ ದಿನ ಹೆಣ್ಣನ್ನು ಚಪ್ಪರಕ್ಕೆ ಕರೆತರುವವನೂ ಅವನೇ. ಇಷ್ಟೆಲ್ಲ ಮಾಡುವವನ ಮನಸ್ಸಿನಲ್ಲಿ ತನ್ನದೊಂದು ಹಕ್ಕಿನ ಭಾವನೆ ಇದ್ದರೆ ಆಶ್ಚರ್ಯವಿಲ್ಲ. ಅವನನ್ನು ಕೇಳದೆ ಹೆಣ್ಣನ್ನು ಹೊರಗೆ ಕೊಟ್ಟರೆಂದು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ.

ಕರಾವಳಿಯ ಅಳಿಯಕಟ್ಟಿನಲ್ಲಿ ಸೋದರಮಾವನ ಆಸ್ತಿಯೇ ಅಳಿಯನಿಗೆ ಬರುತ್ತಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಆಸ್ತಿ ಅಪ್ಪನ ಕಡೆಯದು, ಅಕ್ಕರೆ ಮಾವನ ಕಡೆಯದು.

ಈ ಲೋಕವನ್ನು ಹತ್ತಿರದಿಂದ ನೋಡಿ ಬರೆದವರು ಮೈಸೂರಿನಲ್ಲೇ ಹುಟ್ಟಿದ ಎಂ.ಎನ್. ಶ್ರೀನಿವಾಸ್. ಮೈಸೂರಿನ ಮದುವೆ ಮತ್ತು ಕುಟುಂಬದ ಕುರಿತ ಅವರ ಮೊದಲ ಪುಸ್ತಕ ಬಂದದ್ದು 1942ರಲ್ಲಿ. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ಉಳಿದು, ಅದಕ್ಕೆ ‘ರಾಂಪುರ’ ಎಂದು ಹೆಸರು ಮರೆಸಿ, ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದು ಟಿಪ್ಪಣಿಗಳು ಸುಟ್ಟುಹೋದವು. ಉಳಿದದ್ದನ್ನು ನೆನಪಿನಿಂದಲೇ ಬರೆದರು. ಆ ಪುಸ್ತಕ 1976ರಲ್ಲಿ ಹೊರಬಂತು. ಯಾರಿಗೆ ಯಾರು ಏನಾಗಬೇಕು ಎಂಬುದರ ಮೇಲೆ ಇಡೀ ಊರು ನಿಂತಿರುವಾಗ ಅಷ್ಟನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಅಷ್ಟೇನೂ ಕಷ್ಟವಲ್ಲವೆಂದು ಹಳ್ಳಿಯವರು ಹೇಳಬಹುದು. ನನಗಂತೂ ಅದು ಪವಾಡ.

ಈ ಸೀಮೆಯಲ್ಲಿ ದೇವರನ್ನೂ ನೆಂಟಸ್ತನದಿಂದ ಹೊರಗಿಟ್ಟಿಲ್ಲ. ಬಿಳಿಗಿರಿಯ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಕತೆ. ಆದ್ದರಿಂದ ಸೋಲಿಗರಿಗೆ ಅವನು ಸ್ವಾಮಿಗಿಂತ ಹೆಚ್ಚಾಗಿ ಭಾವ, ರಂಗಭಾವ. ನಂಜನಗೂಡಿನ ನಂಜುಂಡನಿಗೆ ಬೆಟ್ಟದ ಚಾಮುಂಡಿಯ ಮೇಲೆ ಮನಸ್ಸಾಗಿ, ಮನೆಯಲ್ಲಿದ್ದ ಹೆಂಡತಿಯೊಡನೆ ಆದ ರಂಪವನ್ನು ಜನಪದರು ರಾತ್ರಿಯಿಡೀ ಹಾಡುತ್ತಾರೆ. ಚಾಮುಂಡಿಯ ತಂಗಿ ಉತ್ತನಹಳ್ಳಿಯ ಮಾರಿ. ಆ ಲೆಕ್ಕದಲ್ಲಿ ಅವಳಿಗೂ ನಂಜುಂಡ ಭಾವನೇ. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಇದೇ ದೇವರನ್ನು ‘ಹಕೀಂ ನಂಜುಂಡ’ ಎಂದನಂತೆ. ದೊರೆ ಕೊಟ್ಟದ್ದು ವೈದ್ಯನ ಬಿರುದು, ಜನ ಕೊಟ್ಟದ್ದು ನೆಂಟಸ್ತನ.

ಕಾನೂನಿನ ಅಂಕಲ್

ಅಂಕಲ್ ಎಂಬ ಮಾತು ನಮ್ಮ ಮದುವೆಯ ಚಪ್ಪರದೊಳಗೆ ಕಾನೂನಾಗಿ ಬಂದದ್ದು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ. ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಅದರ ಇಂಗ್ಲಿಷ್ ಪಠ್ಯ ಅಂಕಲ್ ಮತ್ತು ನೀಸ್, ಆಂಟ್ ಮತ್ತು ನೆಫ್ಯೂ ಎಂದು ಹೇಳುತ್ತದೆ. ಅಣ್ಣತಮ್ಮಂದಿರ, ಅಕ್ಕತಂಗಿಯರ, ಅಣ್ಣತಂಗಿಯರ ಮಕ್ಕಳನ್ನೂ ಸೇರಿಸುತ್ತದೆ. ಮೀರಿದವರಿಗೆ ಒಂದು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಷ್ಟನ್ನೇ ಬರೆದು ನಿಲ್ಲಿಸಿದ್ದರೆ ಹಳೇ ಮೈಸೂರಿನ ಎಷ್ಟೋ ಮನೆಗಳ ಯಜಮಾನರು ಲಾಕಪ್ಪಿನಲ್ಲಿರಬೇಕಾಗುತ್ತಿತ್ತು. (ಲಾಕಪ್ಪನ್ನು ನಮ್ಮ ಜನ ‘ಮಾವನ ಮನೆ’ ಎನ್ನುವುದು ಬೇರೆ ಮಾತು.) ಇಬ್ಬರ ಕಡೆಯ ರೂಢಿಯೂ ಒಪ್ಪುವುದಾದರೆ ಅಡ್ಡಿಯಿಲ್ಲ ಎಂದು ಕಾಯ್ದೆಯೇ ಒಂದು ಕಿಂಡಿ ಬಿಟ್ಟಿದೆ. ದಕ್ಷಿಣದ ಸೋದರ ಸಂಬಂಧಗಳೆಲ್ಲ ಆ ಕಿಂಡಿಯಿಂದಲೇ ಹಾದುಹೋಗುತ್ತವೆ.

ಇಲ್ಲಿ ಆ ಇಂಗ್ಲಿಷ್ ಪದದ ಮೊಂಡುತನ ಗಮನಿಸಿ. ಅಪ್ಪನ ತಮ್ಮನೂ ಅಂಕಲ್, ಅವ್ವನ ತಮ್ಮನೂ ಅಂಕಲ್. ಚಿಕ್ಕಪ್ಪನನ್ನು ಮದುವೆಯಾಗುವ ಮಾತೆತ್ತಿದರೆ ನಮ್ಮ ಹಳ್ಳಿಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಾರೆ, ಅವನು ಅಪ್ಪ. ಅದೇ ಹಳ್ಳಿಯಲ್ಲಿ ಸೋದರಮಾವ ಮೊದಲ ವರ. ಒಂದು ಪಾಪ, ಇನ್ನೊಂದು ಪದ್ಧತಿ. ಇವೆರಡನ್ನೂ ಒಂದೇ ಗೋಣಿಯಲ್ಲಿ ತುಂಬಿದ ಪದವನ್ನು ಮುಂದಿಟ್ಟುಕೊಂಡು ಕಾಯ್ದೆ ಬರೆದರೆ ಕಿಂಡಿ ಬಿಡದೆ ಬೇರೆ ದಾರಿಯೇ ಇರಲಿಲ್ಲ.

ಪದ್ಧತಿಯೆಂದ ಮಾತ್ರಕ್ಕೆ ಎಲ್ಲ ಚೆನ್ನ ಎಂದಲ್ಲ. ಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕನೇ ಒಂದು ಪಾಲು ವಂಶವಾಹಿಗಳು ಒಂದೇ ಆಗಿರುತ್ತವೆ, ಮಾವನ ಮಗಳಾದರೆ ಎಂಟನೇ ಒಂದು. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಮಕ್ಕಳಿಗೆ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳ, ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಮಗುವಿಗೆ ಕಿವಿ ಕೇಳಿಸುತ್ತಿಲ್ಲವೆಂದು ವೈದ್ಯರ ಬಳಿಗೆ ಹೋದರೆ ‘ನಿಮ್ಮದು ಸಂಬಂಧದಲ್ಲೇ ಮದುವೆಯಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹೇಳುವಾಗ ಆ ತಾಯಿಯ ದನಿ ಎಷ್ಟು ಇಳಿಯುತ್ತದೆಂದು ನಾನು ನೋಡಿದ್ದೇನೆ. ಅವಳನ್ನು ಕೇಳಿ ಯಾರೂ ಆ ಮದುವೆ ಮಾಡಿರಲಿಲ್ಲ. ಹೊಲ ಹೊರಗೆ ಹೋಗಬಾರದು, ತವರು ಬಿಟ್ಟುಹೋಗಬಾರದು ಎಂದು ಹಿರಿಯರು ಹಾಕಿದ ಲೆಕ್ಕ ಅದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದಾಗಿತ್ತು. ಈಗಲೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ವಿಷಯಕ್ಕೆ ಮುಂದಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ಆದರೂ ನನಗೆ ಗೊತ್ತಿರುವ ಮನೆಗಳಲ್ಲಿ ಈ ತಲೆಮಾರಿನ ಹುಡುಗಿಯರು ‘ಅವರು ನನ್ನ ಎತ್ತಿ ಆಡಿಸಿದ ಮಾವ, ಆಗಲ್ಲ’ ಎಂದು ನೇರ ಹೇಳುತ್ತಿದ್ದಾರೆ. ಮಾವನನ್ನು ಮಾವನಾಗಿಯೇ ಉಳಿಸಿಕೊಳ್ಳಲು ಅವರು ಕಂಡುಕೊಂಡ ದಾರಿ.

ವ್ಯಾನ್ ಅಂಕಲ್, ಸೆಕ್ಯುರಿಟಿ ಅಂಕಲ್

ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ.ನರಸೀಪುರ ಹಾದು ಕೊಳ್ಳೇಗಾಲಕ್ಕೆ ಸೇರುವ 766ನೇ ರಾಷ್ಟ್ರೀಯ ಹೆದ್ದಾರಿ ಈ ಸೀಮೆಯ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಟೀ ಅಂಗಡಿಯ ಮುಂದೆ ನಿಂತರೆ ಒಂದೇ ಮನುಷ್ಯನನ್ನು ಎಷ್ಟು ಬಗೆಯಲ್ಲಿ ಕರೆಯಬಹುದೆಂದು ಕೇಳಬಹುದು. ಹಳ್ಳಿಯಿಂದ ಬಂದವನು ಅಂಗಡಿಯವನಿಗೆ ‘ಅಣ್ಣ, ಒಂದು ಟೀ’ ಎನ್ನುತ್ತಾನೆ. ಉತ್ತರದಿಂದ ಬಂದ ಹುಡುಗ ‘ಭೈಯ್ಯಾ’ ಎನ್ನುತ್ತಾನೆ. ಮೈಸೂರಿನ ಕಾಲೇಜು ಮುಗಿಸಿ ತರಬೇತಿಗೆ ಬಂದವನು ‘ಅಂಕಲ್’ ಎನ್ನುತ್ತಾನೆ. ಮೇಲಧಿಕಾರಿಗೆ ಎಲ್ಲರೂ ‘ಸಾರ್’. ಆ ‘ಸಾರ್’ ಕೂಡ ಲ್ಯಾಟಿನ್ನಿನ ‘ಸೆನಿಯೊರ್’, ಅಂದರೆ ಹಿ‌ರಿಯ ಎಂಬುದರಿಂದ ಇಳಿದದ್ದು. ನಾಲ್ಕೂ ಕಡೆ ವಿಷಯ ವಯಸ್ಸೇ.

ತರಬೇತಿಗೆ ಬಂದ ಆ ಹುಡುಗ ಅಂಗಡಿಯವನನ್ನು ‘ಮಾವ’ ಎನ್ನಬಹುದಿತ್ತಲ್ಲ? ಎನ್ನಲಾರ. ಮಾವ ಎಂದರೆ ನಿನ್ನ ಮಗಳು ನನಗೆ ಎಂದಂತೆ. ಕೆಲವು ಊರುಗಳಲ್ಲಿ ಅದು ತಮಾಷೆ, ಕೆಲವು ಕಡೆ ಹೊಡೆದಾಟ. ‘ಅತ್ತೆ’ಯ ಪಾಡೂ ಅದೇ. ‘ಚಿಕ್ಕಪ್ಪ’ ಎಂದರೆ ಅಪ್ಪನ ಮನೆಯವನಾಗಬೇಕು. ‘ಅಣ್ಣ’ ಎನ್ನಲು ತಲೆ ತುಂಬ ನರೆ ಬಂದಿದೆ. ನಮ್ಮ ಹೆಸರುಗಳೆಲ್ಲ ಏನಾದರೊಂದು ಕೊಡುಕೊಳ್ಳುವ ಮಾತನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡುತ್ತವೆ. ಅಂಕಲ್ ಎಂದವನಿಗೆ ಮುಯ್ಯಿ ಮಾಡಬೇಕಿಲ್ಲ, ಹೆಣ್ಣು ಕೊಡಬೇಕಿಲ್ಲ, ಸತ್ತರೆ ಸೂತಕವಿಲ್ಲ. ಶಾಲೆಯ ಮಕ್ಕಳ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಹಬ್ಬಿದೆ ನೋಡಿ: ವ್ಯಾನ್ ಅಂಕಲ್, ಸೆಕ್ಯುರಿಟಿ ಅಂಕಲ್, ಪೊಲೀಸ್ ಅಂಕಲ್, ಪಕ್ಕದ್ಮನೆ ಅಂಕಲ್. ಆಂಟಿಗೆ ಮಾತ್ರ ಅಷ್ಟು ಒಳ್ಳೆಯ ಹಣೆಬರಹವಿಲ್ಲ. ಪುಂಡ ಹುಡುಗರ ಬಾಯಿಗೆ ಸಿಕ್ಕಿ ಅದಕ್ಕೊಂದು ಕೆಟ್ಟ ನಗೆ ಅಂಟಿಕೊಂಡಿದೆ. ತರಕಾರಿ ಮಾರುವವರನ್ನು ‘ಅಕ್ಕಾ’ ಎಂದರೆ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಸಿಗುತ್ತದೆ, ‘ಆಂಟಿ’ ಎಂದರೆ ಬೆಲೆ ಏರುತ್ತದೆ.

ನಲವತ್ತರ ಆಸುಪಾಸಿನಲ್ಲಿ ಬಸ್ಸಿನಲ್ಲಿ ಯಾರೋ ಹುಡುಗಿ ಮೊದಲ ಸಲ ‘ಅಂಕಲ್, ವಸಿ ಸರೀರಿ’ ಎಂದ ದಿನ ಮನೆಗೆ ಬಂದು ಕನ್ನಡಿ ನೋಡಿಕೊಂಡವರಲ್ಲಿ ನಾನೂ ಒಬ್ಬ. ಅವಳ ಆ ‘ವಸಿ’ ಕೇಳಿ ಸ್ವಲ್ಪ ಹಗುರಾಯಿತು ಎನ್ನುವುದು ನಿಜ.

ಅಂಕಲ್ಲನ್ನು ನಾನು ಪೂರ್ತಿ ಬೈಯಲಾರೆ. ಊರೆಲ್ಲ ಅಣ್ಣ, ಮಾವ, ಭಾವ ಎಂದು ಕರೆದುಕೊಂಡು ಬಾಳುತ್ತಿತ್ತೆಂದು ನಾವು ಕಣ್ಣಲ್ಲಿ ನೀರು ತಂದುಕೊಳ್ಳುವುದುಂಟು. ಆ ಊರಿನ ಕೇರಿಯಲ್ಲಿದ್ದವರನ್ನು ಆ ಮಾತುಗಳಲ್ಲಿ ಯಾರು ಕರೆದರು? ಎಪ್ಪತ್ತು ವರ್ಷದ ಮುದುಕನನ್ನು ಗೌಡರ ಮನೆಯ ಹತ್ತು ವರ್ಷದ ಹುಡುಗ ಹೆಸರು ಹಿಡಿದು ಏಕವಚನದಲ್ಲಿ ಕೂಗುತ್ತಿದ್ದ, ಮುದುಕ ಆ ಹುಡುಗನಿಗೆ ‘ಬುದ್ಧೀ’ ಎನ್ನಬೇಕಿತ್ತು. ದೇವನೂರ ಮಹಾದೇವ ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನವರು. ಈ ನೆಲದ ಮಾತು ತನ್ನೊಳಗೆ ಎಷ್ಟು ಅಕ್ಕರೆಯನ್ನೂ ಎಷ್ಟು ಕ್ರೌರ್ಯವನ್ನೂ ಒಟ್ಟಿಗೆ ಹೊತ್ತಿದೆಯೆಂದು ಅವರ ‘ಕುಸುಮಬಾಲೆ’ ಓದಿದವರಿಗೆ ಗೊತ್ತು. ಬಡಾವಣೆಯಲ್ಲಿ ಬೆಳೆದ ಮಗು ಎದುರು ಮನೆಯವರ ಜಾತಿ ಕೇಳದೆ ಅಂಕಲ್ ಎನ್ನುತ್ತದೆ, ವ್ಯಾನ್ ಓಡಿಸುವವರನ್ನೂ ಅದೇ ಹೆಸರಿನಲ್ಲಿ ಕರೆದು ಬಹುವಚನ ಹಚ್ಚುತ್ತದೆ. ‘ಅಂಕಲ್ ಬಂದ್ರು.’ ಆ ‘ಬಂದ್ರು’ ಹಳೆಯ ಊರಿನಲ್ಲಿ ಎಷ್ಟೋ ಜನರಿಗೆ ಬದುಕಿರುವವರೆಗೂ ಸಿಗಲಿಲ್ಲ. ಯಾವ ಭಾರವೂ ಇಲ್ಲದ್ದರಿಂದಲೇ ಈ ಪದಕ್ಕೆ ಇಷ್ಟು ದೂರ ನಡೆಯಲು ಸಾಧ್ಯವಾಯಿತು.

ನನ್ನ ತಕರಾರು ಇರುವುದು ಅದು ಮನೆಯೊಳಗೆ ಬಂದಾಗ. ಬೀದಿಯಲ್ಲಿ ಅಪರಿಚಿತನಿಗೆ ಕೊಟ್ಟ ಹೆಸರನ್ನೇ ಅವ್ವನ ತಮ್ಮನಿಗೂ ಕೊಟ್ಟರೆ, ಅಂಥ ತೊಡೆಗಾಗಿ ಮುಕ್ಕಾಲು ಗಂಟೆ ಕಾಯುವುದೇಕೆ ಎಂದು ಮಗುವಿಗೆ ಹೇಗೆ ತಿಳಿಯಬೇಕು?

ಆವತ್ತು ಕಪಿಲೆಯ ದಂಡೆಯಲ್ಲಿ ಹುಡುಗನನ್ನು ಒಲಿಸಲು ಬೈಕಿನ ಕೀಲಿಕೈ ಬೇಕಾಯಿತು. ಅದನ್ನು ಕೈಗೆ ಕೊಟ್ಟ ಮೇಲೆ ತೊಡೆಯ ಮೇಲೆ ಕೂತ, ಮೂರು ಎಳೆ ಬೀಳುವವರೆಗೆ ಸುಮ್ಮನಿದ್ದ, ಆಮೇಲೆ ಅತ್ತ. ನುಣ್ಣಗಾದ ತಲೆಗೆ ಮಾವ ಗಂಧ ಬಳಿದ. ಊಟದ ಹೊತ್ತಿಗೆ ಇಬ್ಬರೂ ಬೈಕಿನ ಮೇಲೆ ಒಂದು ಸುತ್ತು ಹೋಗಿ ಬಂದಿದ್ದರು, ಹುಡುಗ ಅವನನ್ನು ಏನೆಂದು ಕರೆಯುತ್ತಿದ್ದನೋ ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಊಟ ಮುಗಿಸಿ ಪೇಟೆ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಗೆ ಹೋದೆ. ನನ್ನದೇ ಮನೆಯ ಕೆಲಸವೊಂದಿತ್ತು. ಮೇಜಿನ ಮೇಲೆ ಬೇರೆಯವರ ಪತ್ರಿಕೆಯ ಕರಡು ಬಿದ್ದಿತ್ತು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ಕನ್ನಡದ ಕಡೆ ಸುಖಾಗಮನ ಬಯಸುವವರ ಸಾಲುಗಳು ಮುಗಿಯುವಂತೆಯೇ ಇರಲಿಲ್ಲ: ದೊಡ್ಡಪ್ಪ ದೊಡ್ಡಮ್ಮಂದಿರು, ಚಿಕ್ಕಪ್ಪ ಚಿಕ್ಕಮ್ಮಂದಿರು, ಸೋದರತ್ತೆ ಮಾವಂದಿರು, ಸೋದರಮಾವಂದಿರು, ಅಕ್ಕ ಭಾವಂದಿರು. ಸೋದರಮಾವಂದಿರ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಬಾಣ ಎಳೆದು, ಚಿಕ್ಕಪ್ಪಂದಿರಿಗಿಂತ ಮೇಲಕ್ಕೆ ತಂದಿದ್ದರು. ಇನ್ನೊಬ್ಬರು ಯಾರೋ ನೀಲಿ ಪೆನ್ನಿನಲ್ಲಿ ಅದನ್ನು ಮತ್ತೆ ಕೆಳಗಿಳಿಸಿದ್ದರು. ಇಂಗ್ಲಿಷ್ ಕಡೆ ಇವರಷ್ಟೂ ಜನ ‘ಅಂಕಲ್ಸ್ ಅಂಡ್ ಆಂಟೀಸ್’ ಎಂಬ ಒಂದೇ ಸಾಲಿನಲ್ಲಿದ್ದರು. ಅಲ್ಲಿ ಪೆನ್ನು ತಾಗಿರಲಿಲ್ಲ.

‘ಆ ಕಡೆ ಪ್ರೂಫು ಯಾರೂ ನೋಡಲ್ಲ ಸಾ’ ಎಂದ ಅಂಗಡಿಯ ಹುಡುಗ, ‘ಈ ಕಡೇದು ನಾಕನೇ ಸಲ.’